ವಂಡರ್‌ಲಾಗೆ ಬರುವ ಕುಟುಂಬಕ್ಕೆ ಸದ್ದಿಲ್ಲದ ಕೋಣೆ: ಎಲ್ಲಿ ಉಳಿಯಬೇಕು, ಏನು ಕೇಳಬೇಕು

ಬೆಂಗಳೂರಿನಿಂದ ಮೈಸೂರು ರಸ್ತೆಯಲ್ಲಿ ಸುಮಾರು 28 ಕಿಲೋಮೀಟರ್ ದೂರದಲ್ಲಿ, ಬಿಡದಿಗೆ ಸಮೀಪದಲ್ಲಿರುವ ಮನರಂಜನಾ ಉದ್ಯಾನ ವಂಡರ್‌ಲಾ 2005ರಲ್ಲಿ ಆರಂಭವಾಯಿತು. ಅಂದಿನಿಂದ ರಾಜ್ಯದ ಎಲ್ಲ ಕಡೆಯ ಕುಟುಂಬಗಳೂ ಮಕ್ಕಳ ರಜೆಗೆ ಅಲ್ಲಿಗೆ ಬರುತ್ತಿವೆ. ನಗರದಲ್ಲೇ ಮನೆಯಿರುವವರು ಬೆಳಿಗ್ಗೆ ಹೋಗಿ ಸಂಜೆ ಮರಳುತ್ತಾರೆ. ಅವರಿಗೆ ವಸತಿಯ ಚಿಂತೆಯಿಲ್ಲ. ಹುಬ್ಬಳ್ಳಿ, ದಾವಣಗೆರೆ, ಕಲಬುರಗಿ, ಮಂಗಳೂರುಗಳಿಂದ ಬರುವವರಿಗೆ ಮಾತ್ರ ಕನಿಷ್ಠ ಒಂದು ರಾತ್ರಿಯ ಕೋಣೆ ಬೇಕು, ಮತ್ತು ಹಾಗೆ ಬರುವ ತಂಡದಲ್ಲಿ ಸಾಮಾನ್ಯವಾಗಿ ಒಬ್ಬ ಅಜ್ಜಿಯೋ ತಾತನೋ ಇರುತ್ತಾರೆ, ಇಲ್ಲವೇ ಸದ್ದಾದರೆ ಬೆಚ್ಚಿ ಏಳುವ ಕೈಗೂಸು ಇರುತ್ತದೆ. ಈ ಬರಹ ಅಂಥ ಕುಟುಂಬಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು.

ಕೋಣೆ ಕಾದಿರಿಸುವಾಗ ನಾವು ನೋಡುವುದು ಬಾಡಿಗೆ ಎಷ್ಟು, ಉದ್ಯಾನ ಎಷ್ಟು ದೂರ, ಈಜುಕೊಳ ಇದೆಯೇ, ಬೆಳಗಿನ ತಿಂಡಿ ಸೇರಿದೆಯೇ ಎಂಬಿಷ್ಟನ್ನು. ರಾತ್ರಿ ನಿದ್ದೆ ಮಾಡಲು ಸಾಧ್ಯವೇ ಎಂಬ ಪ್ರಶ್ನೆ ಸಾಮಾನ್ಯವಾಗಿ ಹನ್ನೊಂದು ಗಂಟೆಗೆ, ಹಾಸಿಗೆಯ ಮೇಲೆ ಮಲಗಿದ ಮೇಲೆ ಹುಟ್ಟುತ್ತದೆ. ನಕ್ಷತ್ರಗಳ ಸಂಖ್ಯೆ ಈ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಹೋಟೆಲ್ ಯಾವುದು ಎಂಬುದಕ್ಕಿಂತ ಕೋಣೆ ಯಾವ ದಿಕ್ಕಿಗೆ ಮುಖ ಮಾಡಿದೆ, ಉಳಿಯುವ ರಾತ್ರಿ ವಾರದ ಯಾವ ದಿನದ್ದು ಎಂಬೆರಡು ಸಂಗತಿಗಳೇ ನಿದ್ದೆಯನ್ನು ಹೆಚ್ಚಾಗಿ ನಿರ್ಧರಿಸುತ್ತವೆ ಎಂಬುದು ನನ್ನ ಅಭಿಪ್ರಾಯ, ಮತ್ತು ಮುಂದಿನ ಹೋಲಿಕೆಯೆಲ್ಲ ಆ ನೆಲೆಯಿಂದಲೇ ಮಾಡಿದ್ದು.

ಸದ್ದು ಬರುವುದು ಎಲ್ಲಿಂದ

ಉದ್ಯಾನದ ಪಕ್ಕದಲ್ಲೇ ಉಳಿದರೆ ಗಲಾಟೆ ಜಾಸ್ತಿ ಎಂದು ಹಲವರು ಅಂದುಕೊಂಡಿದ್ದಾರೆ. ವಾಸ್ತವದಲ್ಲಿ ಉದ್ಯಾನ ಸಂಜೆಯೇ ಬಾಗಿಲು ಹಾಕುತ್ತದೆ. ರಿಕಾಯ್ಲ್ ರೋಲರ್ ಕೋಸ್ಟರಿನ ಕೂಗಾಟವಾಗಲಿ, ಅಲೆಯ ಕೊಳದ ಹಾಡುಗಳಾಗಲಿ ಮಲಗುವ ಹೊತ್ತಿಗೆ ಇರುವುದಿಲ್ಲ. ಈ ಭಾಗದಲ್ಲಿ ರಾತ್ರಿ ನಿದ್ದೆ ಕೆಡಿಸುವುದು ಹೆದ್ದಾರಿ, ರೈಲು, ಮದುವೆ ಹಾಲು, ಕಂಪನಿಗಳ ಟೀಮ್ ಔಟಿಂಗು, ಜನರೇಟರು ಮತ್ತು ನಮ್ಮಂತೆಯೇ ಮಕ್ಕಳನ್ನು ಕರೆದುಕೊಂಡು ಬಂದ ಪಕ್ಕದ ಕೋಣೆಯವರು.

ಮೊದಲು ಹೆದ್ದಾರಿಯ ವಿಷಯ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥವು ಆರು ಪಥಗಳ ಮುಖ್ಯ ರಸ್ತೆ ಮತ್ತು ಎರಡೂ ಬದಿಗೆ ಎರಡೆರಡು ಪಥಗಳ ಸರ್ವಿಸ್ ರಸ್ತೆಯನ್ನು ಒಳಗೊಂಡಿದ್ದು, ಬಿಡದಿ ಪಟ್ಟಣವನ್ನು ಬೈಪಾಸ್ ಮೂಲಕ ದಾಟಿ ಹೋಗುತ್ತದೆ. ಅದೇ ವರ್ಷದ ಆಗಸ್ಟ್‌ನಿಂದ ಮುಖ್ಯ ರಸ್ತೆಯಲ್ಲಿ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲ. ಅವು ಸರ್ವಿಸ್ ರಸ್ತೆ ಮತ್ತು ಹಳೆಯ ರಸ್ತೆಗಳನ್ನು ಹಿಡಿಯುತ್ತವೆ. ಹೀಗಾಗಿ ಹೆದ್ದಾರಿ ಬದಿಯ ಹೋಟೆಲಿಗೆ ಎರಡು ಬಗೆಯ ಸದ್ದು ಕೇಳಿಸುತ್ತದೆ: ದೂರದಿಂದ ಬರುವ ಟೈರುಗಳ ನಿರಂತರ ಮೊರೆತ, ಮತ್ತು ಕಿಟಕಿಯ ಕೆಳಗೇ ಹಾದುಹೋಗುವ ಬೈಕು, ಲಾರಿಗಳ ಹಾರ್ನು. ಮೊದಲನೆಯದಕ್ಕೆ ಕಿವಿ ಹೊಂದಿಕೊಂಡೀತು; ಎರಡನೆಯದಕ್ಕೆ ಹೊಂದಿಕೊಳ್ಳುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 1999ರ ಮಾರ್ಗಸೂಚಿಯು ಮಲಗುವ ಕೋಣೆಯೊಳಗೆ ಸರಾಸರಿ 30 ಡೆಸಿಬೆಲ್ ಎಂದು ಹೇಳುವುದರ ಜೊತೆಗೆ, ಒಂದೊಂದಾಗಿ ಬರುವ ಸದ್ದು 45 ಡೆಸಿಬೆಲ್ ಮೀರಬಾರದೆಂದು ಪ್ರತ್ಯೇಕವಾಗಿ ಹೇಳಿರುವುದು ಈ ಕಾರಣಕ್ಕೇ.

ರಸ್ತೆಯಿಂದ ಸ್ವಲ್ಪ ಒಳಗಿದ್ದರೆ ಸಾಕು ಎನ್ನುವವರು ಒಂದು ಲೆಕ್ಕವನ್ನು ಗಮನಿಸಬೇಕು. ಒಂದೇ ಬಿಂದುವಿನಿಂದ ಹೊರಡುವ ಸದ್ದು, ಉದಾಹರಣೆಗೆ ಜನರೇಟರಿನದು, ದೂರ ದುಪ್ಪಟ್ಟಾದಾಗಲೆಲ್ಲ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ವಾಹನಗಳು ಸಾಲಾಗಿ ಹರಿಯುವ ರಸ್ತೆಯ ಸದ್ದು ಹಾಗೆ ಇಳಿಯುವುದು 3 ಡೆಸಿಬೆಲ್ ಮಾತ್ರ. ಅಂದರೆ ರಸ್ತೆಯಿಂದ 50 ಮೀಟರ್ ದೂರದ ಹೋಟೆಲನ್ನು ಬಿಟ್ಟು 100 ಮೀಟರ್ ದೂರದ್ದನ್ನು ಹಿಡಿದರೆ ಆಗುವ ಲಾಭ ಬಹಳ ಕಡಿಮೆ. ಅದೇ ಮೊದಲ ಹೋಟೆಲಿನಲ್ಲಿ ಹಿಂಬದಿಯ ಕೋಣೆಯನ್ನು ಪಡೆದರೆ, ಇಡೀ ಕಟ್ಟಡವೇ ನಡುವೆ ಗೋಡೆಯಾಗಿ ನಿಲ್ಲುವುದರಿಂದ, ಅದಕ್ಕಿಂತ ಎಷ್ಟೋ ಹೆಚ್ಚು ಸದ್ದು ಕಡಿಮೆಯಾಗುತ್ತದೆ. ಕಣಿಮಿಣಿಕೆ ಮತ್ತು ಶೇಷಗಿರಿಹಳ್ಳಿಯ ಟೋಲ್‌ಗಳ ಆಸುಪಾಸಿನಲ್ಲಿ ಲಾರಿಗಳು ನಿಂತು, ಮತ್ತೆ ಮೊದಲ ಗೇರಿನಿಂದ ವೇಗ ಹಿಡಿಯಬೇಕಾಗುವುದರಿಂದ ಅಲ್ಲಿನ ಸದ್ದಿನ ಸ್ವರೂಪ ಇನ್ನೂ ಒರಟು. ಕುಂಬಳಗೋಡಿನ ಮೇಲ್ಸೇತುವೆಯ ಬದಿಯಲ್ಲಿ ಮೇಲಿನ ಮಹಡಿ ಕೇಳುವುದರಿಂದ ಪ್ರಯೋಜನವಿಲ್ಲ. ಅಲ್ಲಿ ರಸ್ತೆಯೇ ಕಿಟಕಿಯ ಮಟ್ಟಕ್ಕೆ ಬಂದಿರುತ್ತದೆ.

ರೈಲಿನ ವಿಷಯ ಚಿಕ್ಕದು. ಬೆಂಗಳೂರು–ಮೈಸೂರು ಜೋಡಿ ಹಳಿ ಹೆಜ್ಜಾಲ, ಬಿಡದಿಗಳ ಮೂಲಕ ಹೋಗುತ್ತದೆ, ರಾತ್ರಿಯೂ ಗಾಡಿಗಳಿವೆ. ನಕ್ಷೆಯಲ್ಲಿ ಹಳಿ ಹತ್ತಿರವಿದ್ದರೆ ಆ ಹೋಟೆಲನ್ನು ಬಿಟ್ಟುಬಿಡುವುದು ಸುಲಭದ ದಾರಿ.

ಎಲ್ಲಕ್ಕಿಂತ ದೊಡ್ಡ ತೊಂದರೆ ಮದುವೆ ಹಾಲಿನದು, ಮತ್ತು ಇದನ್ನು ಹೊರಗಿನಿಂದ ಬರುವವರು ಊಹಿಸಿರುವುದಿಲ್ಲ. ಮೈಸೂರು ರಸ್ತೆಯುದ್ದಕ್ಕೂ ಕಲ್ಯಾಣ ಮಂಟಪಗಳು, ಕನ್ವೆನ್ಷನ್ ಹಾಲುಗಳು ಇವೆ. ಬಹುತೇಕ ದೊಡ್ಡ ಹೋಟೆಲು, ರೆಸಾರ್ಟುಗಳು ತಮ್ಮದೇ ಹಾಲು ಅಥವಾ ಹುಲ್ಲುಹಾಸು ಇಟ್ಟುಕೊಂಡಿರುತ್ತವೆ. ಧ್ವನಿವರ್ಧಕವನ್ನು ರಾತ್ರಿ ಹತ್ತಕ್ಕೆ ನಿಲ್ಲಿಸಬೇಕೆಂಬ ನಿಯಮವನ್ನು ಪಾಲಿಸಿದರೂ ಸದ್ದು ಹತ್ತಕ್ಕೆ ಮುಗಿಯುವುದಿಲ್ಲ. ಆರತಕ್ಷತೆಯ ಆರ್ಕೆಸ್ಟ್ರಾ ನಿಂತ ಮೇಲೆ ಕೊನೆಯ ಪಂಕ್ತಿಯ ಊಟ ನಡೆಯುತ್ತದೆ. ಅದಾದ ಮೇಲೆ ಸ್ಟೀಲ್ ಪಾತ್ರೆಗಳನ್ನು ಹಿತ್ತಲಿನ ಸಿಮೆಂಟ್ ನೆಲದ ಮೇಲೆ ಹರಡಿ ತೊಳೆಯುತ್ತಾರೆ. ಮಧ್ಯರಾತ್ರಿ ಕಳೆದ ಮೇಲೆ ಡೆಕೊರೇಷನ್‌ನವರು ಬಂದು ಕುರ್ಚಿಗಳನ್ನು ಒಂದರ ಮೇಲೊಂದು ಕುಕ್ಕಿ, ಕಬ್ಬಿಣದ ಪೈಪುಗಳನ್ನು ಟೆಂಪೋಗೆ ಎಸೆದು ತುಂಬುತ್ತಾರೆ. ಮಾರನೆಯ ದಿನ ಬೆಳಗಿನ ಮುಹೂರ್ತವಿದ್ದರೆ ಐದೂವರೆಗೆಲ್ಲ ವಾಲಗ ಶುರು. ಹಾಲಿನ ಮೇಲಿನ ಅಥವಾ ಅಡುಗೆಮನೆಯ ಹಿಂದಿನ ಕೋಣೆ ಸಿಕ್ಕವರಿಗೆ ಈ ಎಲ್ಲದರ ನಡುವೆ ಸಿಗುವ ನಿದ್ದೆ ಎಷ್ಟೆಂದು ಬಿಡಿಸಿ ಹೇಳಬೇಕಾಗಿಲ್ಲ.

ವಸತಿಯ ಬಗೆಗಳು

ಉದ್ಯಾನಕ್ಕೆ ಸೇರಿದ ವಂಡರ್‌ಲಾ ರೆಸಾರ್ಟ್ 2012ರಲ್ಲಿ ಆರಂಭವಾದ 84 ಕೋಣೆಗಳ ವಸತಿ. ಇದರ ಮುಖ್ಯ ಲಾಭ ದೂರವಿಲ್ಲದಿರುವುದು: ಮಧ್ಯಾಹ್ನ ಅಜ್ಜಿಗೆ ಸುಸ್ತಾದರೆ, ಮಗುವಿಗೆ ನಿದ್ದೆ ಬಂದರೆ, ಒಬ್ಬರು ಕೋಣೆಗೆ ಮರಳಿ ಉಳಿದವರು ಆಟ ಮುಂದುವರಿಸಬಹುದು. ಹಗಲು ನಿದ್ದೆ ಮಾಡುವ ಮಗುವಿರುವ ಕುಟುಂಬಕ್ಕೆ ಈ ಒಂದು ಅನುಕೂಲವೇ ಬಾಡಿಗೆಯ ವ್ಯತ್ಯಾಸವನ್ನು ಸಮರ್ಥಿಸುತ್ತದೆ. ಆದರೆ ಉದ್ಯಾನಕ್ಕೆ ಸೇರಿದ ಯಾವ ವಸತಿಯಲ್ಲಾದರೂ ಉಳಿದುಕೊಳ್ಳುವವರಲ್ಲಿ ಬಹುಪಾಲು ಮಕ್ಕಳಿರುವ ಕುಟುಂಬಗಳೇ ಎಂಬುದನ್ನು ಮರೆಯಬಾರದು. ಉದ್ಯಾನ ಮುಚ್ಚಿದ ಮೇಲೆ ಆ ಉತ್ಸಾಹವೆಲ್ಲ ಕಾರಿಡಾರಿಗೆ, ಈಜುಕೊಳಕ್ಕೆ, ಊಟದ ಮನೆಗೆ ವರ್ಗಾವಣೆಯಾಗುತ್ತದೆ. ಹೀಗಾಗಿ ಇಲ್ಲಿ ಕೇಳಬೇಕಾದ್ದು ಈಜುಕೊಳಕ್ಕೆ, ಲಿಫ್ಟಿಗೆ ಮತ್ತು ಸಭಾಂಗಣಕ್ಕೆ ದೂರವಾದ, ಕಾರಿಡಾರಿನ ಕೊನೆಯ ಕೋಣೆಯನ್ನು. ನಡುವಾರದಲ್ಲಿ ಬರುವವರಿಗೆ ಇದು ಈ ಭಾಗದ ಅತ್ಯುತ್ತಮ ಆಯ್ಕೆ ಎಂದೇ ಹೇಳುತ್ತೇನೆ.

ಬಿಡದಿಯ ಒಳಗಿನ ಮತ್ತು ಹೆದ್ದಾರಿ ಬದಿಯ ಲಾಡ್ಜುಗಳು ಬಾಡಿಗೆಯಲ್ಲಿ ಹಗುರ. ತಟ್ಟೆ ಇಡ್ಲಿಗೆ ಹೆಸರಾದ ಊರು. ಬೆಳಗಿನ ತಿಂಡಿಗಂತೂ ಕೊರತೆಯಿಲ್ಲ. ಬೈಪಾಸ್ ಬಂದ ಮೇಲೆ ದೂರ ಪ್ರಯಾಣದ ವಾಹನಗಳು ಪಟ್ಟಣವನ್ನು ತಪ್ಪಿಸಿ ಹೋಗುವುದರಿಂದ, ಹಳೆಯ ರಸ್ತೆಯ ಲಾಡ್ಜಿಗೂ ದಶಪಥದ ಬದಿಯ ಲಾಡ್ಜಿಗೂ ಇರುವ ಅಂತರವನ್ನು ನಕ್ಷೆಯಲ್ಲಿ ನೋಡಿ ತಿಳಿದುಕೊಳ್ಳಬೇಕು. ಎರಡರ ವಿಳಾಸದಲ್ಲೂ ‘ಮೈಸೂರು ರಸ್ತೆ, ಬಿಡದಿ’ ಎಂದೇ ಇರಬಹುದು. ಕೈಗಾರಿಕಾ ಪ್ರದೇಶವೂ ಇಲ್ಲೇ ಇರುವುದರಿಂದ ಬೆಳಗಿನ ಪಾಳಿಯ ಬಸ್ಸುಗಳು ಬೇಗನೆ ಓಡಾಡಲು ತೊಡಗುತ್ತವೆ. ಹಿಂಬದಿಯ ಕೋಣೆಯನ್ನು ಖಚಿತವಾಗಿ ಕೊಡುವುದಾದರೆ ಮಾತ್ರ ಈ ವರ್ಗವನ್ನು ಆರಿಸಬಹುದು. ‘ಬಂದಾಗ ನೋಡೋಣ ಸರ್’ ಎಂಬ ಉತ್ತರ ಬಂದರೆ ಬೇರೆಡೆ ನೋಡುವುದು ಮೇಲು.

ರಾಮನಗರ, ಮಂಚನಬೆಲೆ, ಕಣ್ವ ಜಲಾಶಯಗಳ ಕಡೆಗೆ ಒಳರಸ್ತೆಗಳಲ್ಲಿರುವ ರೆಸಾರ್ಟು, ಫಾರ್ಮ್ ಸ್ಟೇಗಳ ಚಿತ್ರಗಳನ್ನು ನೋಡಿದರೆ ಸದ್ದೆಂಬುದೇ ಇರಲಾರದು ಎನಿಸುತ್ತದೆ. ಸೋಮವಾರದಿಂದ ಗುರುವಾರದವರೆಗೆ ಅದು ಬಹುಮಟ್ಟಿಗೆ ನಿಜ. ಶುಕ್ರವಾರ ಸಂಜೆಯಿಂದ ಇವೇ ಜಾಗಗಳು ಬೆಂಗಳೂರಿನ ಕಂಪನಿಗಳ ಟೀಮ್ ಔಟಿಂಗಿಗೆ ಸಿದ್ಧವಾಗುತ್ತವೆ. ಹುಲ್ಲುಹಾಸಿನ ಮೇಲೆ ಡಿಜೆ, ಕ್ಯಾಂಪ್‌ಫೈರು, ಮೈಕು ಹಿಡಿದ ನಿರೂಪಕ ಎಲ್ಲವೂ ಬರುತ್ತವೆ. ಸುತ್ತಲೂ ಬೇರೆ ಸದ್ದಿಲ್ಲದ ಕಾರಣ ಆ ಒಂದು ಸ್ಪೀಕರು ಪಟ್ಟಣದಲ್ಲಿ ಕೇಳಿಸುವುದಕ್ಕಿಂತ ಹೆಚ್ಚು ಚೂಪಾಗಿ ಕೇಳಿಸುತ್ತದೆ. ಬಿಡಿಬಿಡಿಯಾದ ಕಾಟೇಜುಗಳಿಗೆ ಪಕ್ಕದ ಕೋಣೆಯ ಗೋಡೆಯಿಲ್ಲವೆಂಬುದು ಲಾಭವೇ. ಆದರೆ ಹೆಂಚಿನ ಅಥವಾ ಶೀಟಿನ ಮಾಡು ಹೊರಗಿನ ಸದ್ದನ್ನು ಕಾಂಕ್ರೀಟ್ ತಾರಸಿಯಷ್ಟು ತಡೆಯುವುದಿಲ್ಲ. ಮಳೆಗಾಲದ ಕಪ್ಪೆ, ನಸುಕಿನ ಕೋಳಿ, ರಾಮನಗರದ ಕಡೆಯ ನವಿಲುಗಳ ಕೂಗನ್ನು ಸದ್ದಿನ ಲೆಕ್ಕಕ್ಕೆ ಸೇರಿಸಬೇಕೋ ಬೇಡವೋ ಎಂಬುದನ್ನು ಆಯಾ ಅಜ್ಜಿಯೇ ತೀರ್ಮಾನಿಸಲಿ.

ಕೆಂಗೇರಿ, ರಾಜರಾಜೇಶ್ವರಿ ನಗರದ ಹೋಟೆಲುಗಳು ನಡುವಿನ ದಾರಿ. 2023ರ ಅಕ್ಟೋಬರ್‌ನಲ್ಲಿ ಮೆಟ್ರೋದ ನೇರಳೆ ಮಾರ್ಗ ಚಲ್ಲಘಟ್ಟದವರೆಗೆ ತಲುಪಿದ ಮೇಲೆ, ರೈಲಿನಲ್ಲಿ ಮೆಜೆಸ್ಟಿಕ್‌ಗೆ ಬಂದಿಳಿಯುವವರು ಸಾಮಾನು ಸಮೇತ ಮೆಟ್ರೋದಲ್ಲೇ ಇಲ್ಲಿಗೆ ಬರಬಹುದು. ಮಾರನೆಯ ಬೆಳಿಗ್ಗೆ ಉಳಿದ ದೂರಕ್ಕೆ ಬಸ್ಸು ಅಥವಾ ಕ್ಯಾಬ್ ಸಾಕು. ನಗರದ ಹೊರಮುಖವಾಗಿ ಹೋಗುವುದರಿಂದ ಬೆಳಗಿನ ಟ್ರಾಫಿಕ್ಕಿನ ಹೊಡೆತವೂ ಕಡಿಮೆ. ಇಲ್ಲಿ ಮುಖ್ಯರಸ್ತೆಯ ಹೋಟೆಲಿಗಿಂತ ಒಳ ಬಡಾವಣೆಯ ಚಿಕ್ಕ ಹೋಟೆಲು, ಸರ್ವಿಸ್ ಅಪಾರ್ಟ್‌ಮೆಂಟುಗಳು ಒಳ್ಳೆಯವು. ಮುಖ್ಯರಸ್ತೆಯಲ್ಲೇ ಉಳಿಯಬೇಕಾದರೆ ಮೆಟ್ರೋ ಹಳಿಯ ಎತ್ತರಕ್ಕೆ ಸಮನಾದ ಎರಡನೆಯ, ಮೂರನೆಯ ಮಹಡಿಯ ಮುಂಬದಿಯ ಕೋಣೆಗಳನ್ನು ಬಿಡಬೇಕು. ರೈಲು ರಾತ್ರಿ ಸುಮಾರು ಹನ್ನೊಂದರವರೆಗೂ ಓಡಿ, ಬೆಳಿಗ್ಗೆ ಐದರ ಹೊತ್ತಿಗೆ ಮತ್ತೆ ಹೊರಡುತ್ತದೆ. ಶನಿವಾರ ರಾತ್ರಿ ಉಳಿಯಲೇಬೇಕಾದವರಿಗೆ, ಸದ್ದಿನ ಒಂದೇ ಮಾನದಂಡದಿಂದ ನೋಡಿದರೆ, ವಸತಿ ಬಡಾವಣೆಯ ಇಂಥ ಕೋಣೆ ಒಳನಾಡಿನ ರೆಸಾರ್ಟಿಗಿಂತ ಸುರಕ್ಷಿತ ಎಂದು ನನಗನಿಸುತ್ತದೆ. ವಿಚಿತ್ರವೆನಿಸಿದರೂ ಕಾರಣ ಸರಳ: ಬಡಾವಣೆಯಲ್ಲಿ ಡಿಜೆ ಹಾಕಿದರೆ ದೂರು ಕೊಡಲು ಅಕ್ಕಪಕ್ಕದ ಮನೆಯವರಿದ್ದಾರೆ.

ಮೆಜೆಸ್ಟಿಕ್, ಗಾಂಧಿನಗರದ ಲಾಡ್ಜುಗಳಿಗೆ ಒಂದೇ ಒಂದು ದೊಡ್ಡ ಗುಣವಿದೆ, ಅದು 24 ಗಂಟೆಯ ಚೆಕ್‌ಔಟ್. ಬೆಳಗಿನ ಐದೂವರೆಗೆ ಬಸ್ಸಿಳಿದವರು ಆಗಲೇ ಕೋಣೆ ಪಡೆದು ಸ್ನಾನ ಮಾಡಿ ಹೊರಡಬಹುದು. ರೆಸಾರ್ಟುಗಳಲ್ಲಿ ಮಧ್ಯಾಹ್ನದವರೆಗೆ ಕಾಯಬೇಕು. ರಾತ್ರಿಯ ನಿದ್ದೆಗೆ ಇದು ಸೂಕ್ತ ಜಾಗವಲ್ಲ.

ಫೋನಿನಲ್ಲಿ ಕೇಳುವ ಬಗೆ

‘ನಿಮ್ಮ ಹೋಟೆಲ್ ಶಾಂತವಾಗಿದೆಯೇ?’ ಎಂದು ಕೇಳಿದರೆ ಇಲ್ಲ ಎನ್ನುವ ರಿಸೆಪ್ಷನಿಸ್ಟ್ ಸಿಗುವುದಿಲ್ಲ. ಪ್ರಶ್ನೆ ಖಚಿತವಾಗಿದ್ದಷ್ಟೂ ಉತ್ತರ ಪ್ರಾಮಾಣಿಕವಾಗಿರುತ್ತದೆ. ‘ಶನಿವಾರ ರಾತ್ರಿ ನಿಮ್ಮ ಹಾಲು ಬುಕ್ ಆಗಿದೆಯಾ ಸರ್?’ ಎಂದರೆ ‘ಒಂದು ರಿಸೆಪ್ಷನ್ ಇದೆ ಮೇಡಂ, ಹತ್ತಕ್ಕೆಲ್ಲಾ ಮುಗಿಯುತ್ತೆ’ ಎಂಬ ಮಾಹಿತಿ ಹೊರಬರುತ್ತದೆ, ಮತ್ತು ಹತ್ತಕ್ಕೆ ಮುಗಿಯುವುದು ಯಾವುದು ಎಂಬುದನ್ನು ಮೇಲೆ ಹೇಳಿಯಾಗಿದೆ. ಹಾಗೆಯೇ ಅಂದು ಕಂಪನಿಯ ಗ್ರೂಪ್ ಇದೆಯೇ, ಶಾಲಾ ಪ್ರವಾಸದ ತಂಡವಿದೆಯೇ, ಜನರೇಟರ್ ಕಟ್ಟಡದ ಯಾವ ಮೂಲೆಯಲ್ಲಿದೆ, ತಾರಸಿಯ ಮೇಲೆ ರೆಸ್ಟೋರೆಂಟ್ ಇದೆಯೇ ಎಂದು ಕೇಳಬೇಕು. ಈಗಿನ ಡೀಸೆಲ್ ಜನರೇಟರುಗಳಿಗೆ ಶಬ್ದ ತಡೆಯುವ ಪೆಟ್ಟಿಗೆ ಕಡ್ಡಾಯ, ಆದರೂ ಒಂದು ಮೀಟರ್ ದೂರದಲ್ಲಿ 75 ಡೆಸಿಬೆಲ್‌ವರೆಗೆ ಅನುಮತಿಯಿದೆ. ಕರೆಂಟು ಹೋದ ರಾತ್ರಿ ಅದು ಕಿಟಕಿಯ ಕೆಳಗಿದ್ದರೆ ಮಲಗಿದವರು ಏಳುವುದು ಖಂಡಿತ.

ಕೋಣೆಯ ಬಗ್ಗೆ ಹೇಳುವಾಗ ಬೇಡದ್ದನ್ನು ಹೇಳುವುದು ಬೇಕಾದ್ದನ್ನು ಹೇಳುವುದಕ್ಕಿಂತ ಪರಿಣಾಮಕಾರಿ. ರಸ್ತೆ ಬದಿ ಬೇಡ, ಲಿಫ್ಟಿನ ಪಕ್ಕ ಬೇಡ, ನೀರಿನ ಟ್ಯಾಂಕಿನ ಕೆಳಗಿನ ಕೊನೆಯ ಮಹಡಿ ಬೇಡ, ಅಡುಗೆಮನೆಯ ಎಕ್ಸಾಸ್ಟ್ ಇರುವ ಬದಿ ಬೇಡ, ಪಕ್ಕದ ಕೋಣೆಗೆ ಒಳಬಾಗಿಲಿರುವ ಕೋಣೆ ಬೇಡ. ಈ ಒಳಬಾಗಿಲಿನ ಸಂಗತಿಯನ್ನು ಬಹಳ ಮಂದಿ ಗಮನಿಸುವುದಿಲ್ಲ. ಒಂದು ಪ್ಲೈವುಡ್ ಬಾಗಿಲಿನಾಚೆ ಇನ್ನೊಂದು ಕುಟುಂಬದ ಟಿವಿಯಿರುತ್ತದೆ. ಅದೇ ಎರಡು ಕೋಣೆಗಳನ್ನು ನೀವೇ ತೆಗೆದುಕೊಂಡು ಒಂದರಲ್ಲಿ ಹಿರಿಯರನ್ನು, ಇನ್ನೊಂದರಲ್ಲಿ ಮಕ್ಕಳನ್ನು ಮಲಗಿಸುವುದಾದರೆ ಅದೇ ಬಾಗಿಲು ಅನುಕೂಲವಾಗುತ್ತದೆ.

ಕೋಣೆಗೆ ಕಾಲಿಟ್ಟ ಕೂಡಲೇ, ಚೀಲ ಬಿಚ್ಚುವ ಮೊದಲು, ಕಿಟಕಿಯನ್ನು ನೋಡಿ. ನಮ್ಮ ಕಡೆಯ ಹೋಟೆಲುಗಳಲ್ಲಿ ಸಾಮಾನ್ಯವಾದ ಅಲ್ಯೂಮಿನಿಯಂ ಜಾರು ಕಿಟಕಿಗೆ ಎರಡು ಬಾಗಿಲುಗಳ ನಡುವೆ ಸಂದು ಇದ್ದೇ ಇರುತ್ತದೆ, ಗಾಜು ಎಷ್ಟೇ ದಪ್ಪವಿದ್ದರೂ ಸದ್ದು ಆ ಸಂದಿನಿಂದಲೇ ಒಳಬರುತ್ತದೆ. ರಬ್ಬರ್ ಪಟ್ಟಿಯಿರುವ, ಒತ್ತಿ ಚಿಲಕ ಹಾಕುವ ಕಿಟಕಿ ಎಷ್ಟೋ ವಾಸಿ. ಎ.ಸಿ. ಮತ್ತು ಫ್ರಿಜ್ಜನ್ನು ಹಾಕಿ ಎರಡು ನಿಮಿಷ ಸುಮ್ಮನೆ ಕೂತು ಆಲಿಸಬೇಕು. ಫೋನಿನ ಡೆಸಿಬೆಲ್ ಆ್ಯಪ್ ತೋರಿಸುವ ಅಂಕಿ ಅಂದಾಜಿನದ್ದಾದರೂ, ಎರಡು ಕೋಣೆಗಳ ನಡುವೆ ಹೋಲಿಸಲು ಸಾಕು. ಕೋಣೆ ಬದಲಿಸಿಕೊಡಿ ಎಂಬ ಮಾತನ್ನು ಹಾಸಿಗೆ ಮುಟ್ಟುವ ಮೊದಲು ಹೇಳಿದರೆ ಮಾತ್ರ ಅದಕ್ಕೆ ತೂಕವಿರುತ್ತದೆ.

ಯಾವ ರಾತ್ರಿ

ದಿನ ಆರಿಸಿಕೊಳ್ಳುವ ಸ್ವಾತಂತ್ರ್ಯವಿದ್ದರೆ ಪಂಚಾಂಗವನ್ನೂ ಶಾಲೆಯ ಕ್ಯಾಲೆಂಡರನ್ನೂ ಒಟ್ಟಿಗೆ ನೋಡಬೇಕು. ಆಷಾಢದಲ್ಲಿ ಮದುವೆಗಳಿರುವುದಿಲ್ಲ, ಶಾಲೆಗಳು ನಡೆಯುತ್ತಿರುತ್ತವೆ, ಮಳೆಯೂ ಇರುತ್ತದೆ. ಹಾಲೂ ಖಾಲಿ, ಉದ್ಯಾನದ ಸಾಲೂ ಚಿಕ್ಕದು. ಆ ತಿಂಗಳ ಮಂಗಳವಾರ, ಬುಧವಾರಗಳಿಗಿಂತ ಶಾಂತವಾದ ರಾತ್ರಿಗಳು ಇಲ್ಲಿ ಸಿಗುವುದು ಕಷ್ಟ. ಆಷಾಢ ಶುಕ್ರವಾರಗಳಂದು ಮಾತ್ರ ಚಾಮುಂಡಿ ಬೆಟ್ಟಕ್ಕೆ ಹೋಗುವವರ ವಾಹನಗಳು ಇದೇ ಹೆದ್ದಾರಿಯನ್ನು ಹಿಡಿಯುತ್ತವೆ. ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗಿನ ಧನುರ್ಮಾಸದಲ್ಲೂ ಮದುವೆಗಳಿಲ್ಲ; ಆದರೆ ಶಾಲಾ ಪ್ರವಾಸ, ಕ್ರಿಸ್‌ಮಸ್ ರಜೆ ಮತ್ತು ಡಿಸೆಂಬರ್ 31ರ ಪಾರ್ಟಿ ಆ ಕೊರತೆಯನ್ನು ಬಡ್ಡಿ ಸಮೇತ ತುಂಬುತ್ತವೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಮದುವೆ, ಬೇಸಿಗೆ ರಜೆ ಎರಡೂ ಒಟ್ಟಿಗೆ ಬರುತ್ತವೆ, ಆಗ ಬರಲೇಬೇಕಾದವರು ಬಡಾವಣೆಯ ಹೋಟೆಲನ್ನೇ ನೆಚ್ಚಿಕೊಳ್ಳುವುದು ಒಳ್ಳೆಯದು.

ಎರಡು ರಾತ್ರಿ ಉಳಿಯುವವರು ಖರ್ಚನ್ನು ಸಮವಾಗಿ ಹಂಚಬೇಕಾಗಿಲ್ಲ. ಉದ್ಯಾನಕ್ಕೆ ಹೋಗುವ ಹಿಂದಿನ ರಾತ್ರಿಯ ನಿದ್ದೆ ಮುಖ್ಯ. ಅದು ಕೆಟ್ಟರೆ ಮಧ್ಯಾಹ್ನದ ಹೊತ್ತಿಗೆ ಮಕ್ಕಳು ರಚ್ಚೆ ಹಿಡಿಯುತ್ತಾರೆ, ಹಿರಿಯರಿಗೆ ತಲೆನೋವು ಬರುತ್ತದೆ. ಇಡೀ ದಿನ ನೀರಿನಲ್ಲಾಡಿದ ಮೇಲಿನ ರಾತ್ರಿ ಮಕ್ಕಳು ವಾಲಗದ ನಡುವೆಯೂ ಮಲಗುತ್ತಾರೆ. ಆದ್ದರಿಂದ ಒಳ್ಳೆಯ ಕೋಣೆಯ ಹಣವನ್ನು ಮೊದಲ ರಾತ್ರಿಗೆ ಇಟ್ಟು, ಎರಡನೆಯ ರಾತ್ರಿ ಅಗ್ಗದ ಕೋಣೆಯಲ್ಲಿ ಉಳಿಯುವುದೋ ರಾತ್ರಿ ರೈಲು ಹತ್ತುವುದೋ ವಿವೇಕದ ಆಯ್ಕೆ.

ಇಷ್ಟಾದರೂ ರಾತ್ರಿ ಸದ್ದು ಮುಂದುವರಿದರೆ ನಿಯಮ ನಿಮ್ಮ ಪರವಾಗಿದೆ. ಶಬ್ದ ಮಾಲಿನ್ಯ ನಿಯಂತ್ರಣದ 2000ನೇ ಇಸವಿಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ; ಹಬ್ಬಗಳಂಥ ಸಂದರ್ಭಗಳಿಗೆ ಮಧ್ಯರಾತ್ರಿಯವರೆಗೆ ವಿನಾಯಿತಿ ಕೊಡುವ ಅಧಿಕಾರ ರಾಜ್ಯ ಸರ್ಕಾರಕ್ಕಿದ್ದರೂ ಅದು ವರ್ಷಕ್ಕೆ 15 ದಿನಗಳನ್ನು ಮೀರುವಂತಿಲ್ಲ. ವಸತಿ ಪ್ರದೇಶಕ್ಕೆ ರಾತ್ರಿಯ ಮಿತಿ 45 ಡೆಸಿಬೆಲ್, ವಾಣಿಜ್ಯ ಪ್ರದೇಶಕ್ಕೆ 55. ಮೊದಲು ರಿಸೆಪ್ಷನ್‌ಗೆ ಹೋಗಿ ಡ್ಯೂಟಿ ಮ್ಯಾನೇಜರ್ ಜೊತೆ ನೇರವಾಗಿ ಮಾತನಾಡಿ, ಬೇರೆ ಕೋಣೆ ಕೇಳಿ. ಅದು ಆಗದಿದ್ದರೆ 112ಕ್ಕೆ ಕರೆ ಮಾಡುವುದಾಗಿ ಸಮಾಧಾನದಿಂದಲೇ ತಿಳಿಸಿ. ಪಾತ್ರೆ ತೊಳೆಯುವ ಸದ್ದಿಗೆ ಈ ನಿಯಮ ಉಪಯೋಗಕ್ಕೆ ಬರುವುದಿಲ್ಲ, ಆದ್ದರಿಂದ ಹಾಲಿರುವ ಹೋಟೆಲಿನಲ್ಲಿ ಅಡುಗೆಮನೆಯ ಬದಿ ಬೇಡವೆಂದು ಕಾದಿರಿಸುವಾಗಲೇ ಬರಹದಲ್ಲಿ, ವಾಟ್ಸ್‌ಆ್ಯಪ್ ಸಂದೇಶವಾದರೂ ಸರಿ, ಹೇಳಿ ಉತ್ತರ ಪಡೆದಿಟ್ಟುಕೊಳ್ಳಿ.